ಎಡಗಿವಿಯ ಕಚ್ಚು

ಲೈತೌರೆ ಸರೋವರದ ದಡ, 30 ಆಗಸ್ಟ್ 1979

ಅಣ್ಣ,

ತಲುಪಿದೆ. ದೋಣಿಯ ಎವರ್ಟ್ ನನ್ನ ಪೆಟ್ಟಿಗೆಗಳನ್ನು ಎತ್ತುವಾಗ ಪ್ರತಿವರ್ಷದ ಪ್ರಶ್ನೆಯನ್ನೇ ಕೇಳಿದ: "ಕಲ್ಲು ತುಂಬ್ಕೊಂಡು ಬಂದಿದೀಯೇನಮ್ಮ? ಅಲ್ಲಿ ಬೇಕಾದಷ್ಟಿದಾವಲ್ಲ." ಕ್ಯಾಮೆರಾ ಎಂದೆ. "ಅದೇ ಬೆಟ್ಟ, ಅದೇ ಎಲೆ. ಹೋದ ವರ್ಷದ್ದನ್ನೇ ಇನ್ನೊಂದ್ಸಲ ಅಚ್ಚು ಹಾಕಿಸು, ಯಾರಿಗೆ ಗೊತ್ತಾಗುತ್ತೆ?" ಅಂದ. ಗೊತ್ತಾಗುವವರು ನಾಲ್ಕೇ ಮಂದಿ ಇರಬಹುದು. ನಾನು ಬದುಕುತ್ತಿರುವುದು ಅವರಿಗಾಗಿಯೇ.

ಬರ್ಚ್ ಮರಗಳು ಇನ್ನೂ ಹಸಿರು. ನೆಲದ ಮೇಲಿನ ಕುರುಚಲು ಮಾತ್ರ ಕೆಂಪಾಗಲು ಶುರುವಾಗಿದೆ. ಬಣ್ಣ ಇಲ್ಲಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಹಿಮ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಎರಡೂ ನಡುವೆ ಸಂಧಿಸುವ ನಾಲ್ಕೈದು ದಿನಗಳಿಗಾಗಿ ನಾನು ಆರು ವಾರ ಒಣಮಾಂಸ ತಿಂದುಕೊಂಡು ಈ ಗುಡಿಸಲಲ್ಲಿ ಕೂರುತ್ತೇನೆ.

ಈಗ ನಿನ್ನ ಕೆಲಸ ಕೇಳು. ನಿನ್ನ ಮಂಡಿಯ ದಯೆಯಿಂದ ಮೊದಲ ಸಲ ಶರತ್ಕಾಲದಲ್ಲಿ ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ. ಎವರ್ಟ್ ವಾರಕ್ಕೆರಡು ಸಲ ಫಿಲ್ಮ್ ಸುರುಳಿಗಳನ್ನು ಒಯ್ಯುತ್ತಾನೆ. ಕರಾವಳಿಯ ಲ್ಯಾಬಿನವರು ಅವುಗಳನ್ನು ತೊಳೆದು ಸ್ಲೈಡುಗಳನ್ನು ನಿನಗೆ ಅಂಚೆಯಲ್ಲಿ ಕಳಿಸುತ್ತಾರೆ. ಪ್ರೊಜೆಕ್ಟರ್ ಹಾಕಿ ಗೋಡೆಯ ಮೇಲೆ ನೋಡು. ಯಾವುದು ಬಂದಿದೆ, ಯಾವುದು ಬಂದಿಲ್ಲ, ಬರೆ. ನಾನು ಇಲ್ಲಿ ಕುರುಡಿಯ ಹಾಗೆ. ತೆಗೆದದ್ದು ಏನಾಯಿತೆಂದು ನಿನ್ನಿಂದಲೇ ತಿಳಿಯಬೇಕು.

ಪ್ರಕಾಶಕರಿಗೆ ಅಕ್ಟೋಬರ್ ಹದಿನೈದರೊಳಗೆ ಹನ್ನೆರಡು ಚಿತ್ರ, ಜೊತೆಗೆ ಮುಖಪುಟಕ್ಕೊಂದು ಬೇಕು. ಹನ್ನೆರಡು ವರ್ಷ ಬೇರೆಯವರ ಕ್ಯಾಲೆಂಡರಿನಲ್ಲಿ ಒಂದೊಂದು ತಿಂಗಳು ನನ್ನದಾಗಿತ್ತು. ಈ ಸಲ ಇಡೀ ವರ್ಷ ನನ್ನದು.

ಇನ್ನೊಂದು ಸಂಗತಿ ಇತ್ತು. ಮನೆಗೆ ಬಂದಾಗ ಹೇಳುತ್ತೇನೆ.

ರಿಸ್ತಿನ್


ಯೋಕ್‌ಮೋಕ್, 5 ಸೆಪ್ಟೆಂಬರ್

ರಿಸ್ತಿನ್ ಮಹಾರಾಯ್ತಿ,

ಮಂಡಿ ಊದಿತು, ಬಂಡಿ ನಿಂತಿತು,
ಹಿಂಡು ಹೊರಟಿತು, ಗಂಡು ಕೂತಿತು.

ಇದು ಈ ವಾರದ ನನ್ನ ದುಡಿಮೆ. ನಲವತ್ತು ವರ್ಷದಲ್ಲಿ ಮೊದಲ ಸಲ ಹಿಮಸಾರಂಗಗಳು ನನ್ನನ್ನು ಬಿಟ್ಟು ಬೆಟ್ಟದಲ್ಲಿವೆ. ಅವಕ್ಕೆ ಬೇಸರವಾದಂತೆ ಸುದ್ದಿಯಿಲ್ಲ.

ನಿನ್ನ ಮೊದಲ ಆರು ಸುರುಳಿ ಬಂದವು. ಗೋಡೆಗೆ ಹಾಸಿಗೆಯ ಬಿಳಿ ಹೊದಿಕೆ ಕಟ್ಟಿ ನೋಡಿದೆ. ಮಂಜಿನ ಬೆಟ್ಟ ಚೆನ್ನಾಗಿದೆ. ನದೀಮುಖದ ಹಂಸಗಳು ಚೆನ್ನಾಗಿವೆ. ಮೂಸ್‌ನ ಚಿತ್ರದಲ್ಲಿ ಮೂಸ್‌ಗಿಂತ ಪೊದೆ ಹೆಚ್ಚು. ಆದರೂ ಒಳ್ಳೆಯ ಕೊಂಬು, ತೂಕ ನಾಲ್ಕುನೂರು ಕಿಲೋ ಇದ್ದೀತು. ನೀನು ಬೆಳಕು ನೋಡುತ್ತೀ, ನಾನು ಮಾಂಸ ನೋಡುತ್ತೇನೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಸಾಕ್ಷಿ ಏನಿದೆಯೋ.

ಅಂಗಡಿಯಲ್ಲಿ ಯೋವ್ನಾನ ಮಗಳು ಬಿರೆತ್ ಎದುರಾದಳು. ಸುಮ್ಮನಿರಲಾಗದೆ ಕೇಳಿದೆ, "ಅಪ್ಪ ಹೇಗಿದಾನಮ್ಮ?"

"ಕರಾವಳಿ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸ್ತಾನೆ. ಪೆಟ್ಟಿಗೆಗೆ ಕಿವಿ ಇರಲ್ಲ ನೋಡಿ, ನೆಮ್ಮದಿ."

ಕಾಫಿಪುಡಿ ಮರೆತು ಮನೆಗೆ ಬಂದೆ.

ಹೇಳಿದ್ದನ್ನೇ ಹೇಳುತ್ತೇನೆಂದು ಬೈಯಬೇಡ. ಎರಡು ವರ್ಷದ ಹಿಂದೆ ದೊಡ್ಡಿಯಲ್ಲಿ ಅದು ನಡೆದಾಗ ನೀನು ಬೆಟ್ಟದಲ್ಲಿದ್ದೆ. ನಮ್ಮ ಗುರುತು ಎಡಗಿವಿಯ ಹಿಂಬದಿಗೆ ಒಂದು ಕಚ್ಚು, ಯೋವ್ನಾನ ಮನೆಯವರದ್ದು ಅಲ್ಲೇ ಎರಡು. ಮರಿ ಯಾರದ್ದೆಂದು ತಾಯಿಯೇ ಹೇಳುತ್ತಾಳೆ. ಅವಳ ಹಿಂದೆ ಓಡುವ ಮರಿಗೆ ಅವಳ ಕಿವಿಯ ಗುರುತೇ ಇರಬೇಕು. ಅವತ್ತು ಒಂದು ಕಚ್ಚಿನ ತಾಯಿಯ ಹಿಂದೆ ಎರಡು ಕಚ್ಚಿನ ಮರಿ ಇತ್ತು. ನನ್ನ ಮರಿಗೆ ಅವನು ತನ್ನ ಗುರುತು ಹಾಕಿದ್ದ. ಎಲ್ಲರೆದುರು ಹೇಳಿದೆ. "ಇನ್ನೊಂದ್ಸಲ ನೋಡು ಪಾವ್ವಲ್" ಅಂದ. ನೋಡಿದೆ, ಮತ್ತೆ ಅದನ್ನೇ ಹೇಳಿದೆ. ಅವನು ವಾದ ಮಾಡಲಿಲ್ಲ. ಕಳ್ಳನಾಗಿದ್ದಕ್ಕೇ ತಾನೆ ಮಾತಾಡಲಿಲ್ಲ? ಹಿಂಡಿನ ಬಹುಪಾಲು ಮಾರಿ, ಉಳಿದದ್ದನ್ನು ಮಗಳಿಗೆ ಬಿಟ್ಟು, ಊರು ಬಿಟ್ಟ. ಹೋಗು ಎಂದು ನಾನೇನೂ ಹೇಳಿರಲಿಲ್ಲ.

ಈ ಬೇಸಿಗೆಯಲ್ಲಿ ನಾನೊಬ್ಬನೇ ಅರವತ್ತು ಮರಿಗಳ ಕಿವಿ ಕೊಯ್ದೆ, ಗೊತ್ತಲ್ಲ. ಮಂಡಿ ಹೋದರೂ ಕೈ ಗಟ್ಟಿ.

ಪಾವ್ವಲ್


ಲೈತೌರೆ ದಡ, 10 ಸೆಪ್ಟೆಂಬರ್

ಅಣ್ಣ,

ಸಿಕ್ಕಿತು.

ಬೆಳಿಗ್ಗೆ ಕ್ಯಾಮೆರಾದ ಮುಕ್ಕಾಲಿ ಸ್ಟ್ಯಾಂಡನ್ನು ಗುಡಿಸಲಲ್ಲೇ ಬಿಟ್ಟು, ಕ್ಯಾಮೆರಾ ಒಂದನ್ನೇ ಹೆಗಲಿಗೆ ಹಾಕಿ ನದೀಮುಖಕ್ಕೆ ಹೋಗಿದ್ದೆ. ಬರ್ಚ್ ಪೂರ್ತಿ ಹಳದಿ. ಬೆಟ್ಟದ ಸೊಂಟದವರೆಗೆ ಹೊಸ ಹಿಮ. ಮಳೆ ನಿಂತು ಮೋಡದ ಕೆಳಗಿನಿಂದ ಬೆಳಕು ಅಡ್ಡಡ್ಡ ಬಂತು. ಒಂದು ಹೆಣ್ಣು ಹಿಮಸಾರಂಗ, ಅದರ ಹಿಂದೆ ಮರಿ, ಆಳವಿಲ್ಲದ ನೀರಿನಲ್ಲಿ ನಡೆದು ಬಂದವು. ನನಗೂ ಅವಕ್ಕೂ ನಲವತ್ತು ಹೆಜ್ಜೆ. ತಾಯಿ ನಿಂತಿತು. ಮರಿ ಅದರ ಪಕ್ಕೆಗೆ ಗಲ್ಲ ಒರಗಿಸಿ ನೇರವಾಗಿ ನನ್ನನ್ನೇ ನೋಡಿತು. ಎರಡರ ಉಸಿರೂ ಹೊಗೆಯಾಗಿ ಒಂದರೊಳಗೊಂದು ಸೇರಿತು.

ಸುರುಳಿಯಲ್ಲಿ ಉಳಿದಿದ್ದದ್ದು ಒಂದೇ ಚಿತ್ರ. ಕೈಯಲ್ಲೇ ಹಿಡಿದು ತೆಗೆದೆ. ಆಮೇಲೆ ಹುಲ್ಲಿನ ಮೇಲೆ ಕೂತು, ಅವು ಹೋಗುವವರೆಗೂ ಸುಮ್ಮನೆ ನೋಡಿದೆ. ಅಳು ಬಂತು ಅಂದರೆ ನಗುತ್ತೀಯ, ಅದಕ್ಕೆ ಹೇಳುವುದಿಲ್ಲ.

ಹದಿನಾಲ್ಕನೇ ಸುರುಳಿ, ಕೊನೆಯ ಚಿತ್ರ. ಇದೇ ಮುಖಪುಟ. ಉಳಿದ ಹನ್ನೆರಡು ಹೇಗಿದ್ದರೂ ಇದೊಂದು ಅವನ್ನೆಲ್ಲ ಹೊತ್ತು ನಡೆಯುತ್ತದೆ. ಲ್ಯಾಬಿನವರಿಗೆ ತುರ್ತು ಎಂದು ಬರೆದಿದ್ದೇನೆ. ಬಂದ ದಿನವೇ ಹಾಕಿ ನೋಡಿ ಬರೆ. ಬೇರೆ ಯಾವುದರ ಬಗ್ಗೆ ಬರೆಯದಿದ್ದರೂ ಸರಿ.

ನಿನ್ನ ಮೂಸ್ ತೂಕ ಸರಿಯಿಲ್ಲ. ಐನೂರಿದೆ.

ರಿಸ್ತಿನ್


ಯೋಕ್‌ಮೋಕ್, 16 ಸೆಪ್ಟೆಂಬರ್

ರಿಸ್ತಿನ್,

ಏಳರಿಂದ ಹದಿನಾಲ್ಕು, ಎಲ್ಲ ಸುರುಳಿ ಬಂದವು. ಗರುಡದ್ದು ಚೆನ್ನಾಗಿದೆ. ಕೆಂಪು ನೆಲದ್ದು ಚೆನ್ನಾಗಿದೆ. ಮೂರು ಚಿತ್ರ ಕಪ್ಪಾಗಿವೆ.

ಹದಿನಾಲ್ಕರ ಕೊನೆಯದು ಮಸುಕಾಗಿದೆ. ಅದನ್ನು ಬಿಟ್ಟುಬಿಡು. ಹಂಸಗಳನ್ನು ಮುಖಪುಟಕ್ಕೆ ಹಾಕಬಹುದು.

ಇಲ್ಲಿ ಮಳೆ.

ಪಾವ್ವಲ್


ಲೈತೌರೆ ದಡ, 17 ಸೆಪ್ಟೆಂಬರ್

ಅಣ್ಣ,

ಎವರ್ಟ್ ದೋಣಿಯಲ್ಲೇ ಕಾಯುತ್ತಿದ್ದಾನೆ, ನಿಂತೇ ಬರೆಯುತ್ತಿದ್ದೇನೆ. ಒಂದು ಪ್ರಶ್ನೆ, ಸರಿಯಾಗಿ ನೋಡಿ ಹೇಳು. ಮರಿ ಮಾತ್ರ ಮಸುಕೋ, ಅಥವಾ ಹಿಂದಿನ ಬೆಟ್ಟ, ಮರ, ಕಲ್ಲು, ಎಲ್ಲವೂ ಮಸುಕೋ? ಮರಿ ಮಾತ್ರವಾದರೆ ಅದು ಅಲುಗಾಡಿದೆ, ಅದರ ತಪ್ಪು. ಎಲ್ಲವೂ ಆದರೆ ಬೇರೆ.

ಈ ಸಲ ಪ್ರಾಸವಿಲ್ಲ? ಮಂಡಿ ನೋವು ಹೆಚ್ಚಾಯಿತೆ?

ರಿಸ್ತಿನ್


ಯೋಕ್‌ಮೋಕ್, 19 ಸೆಪ್ಟೆಂಬರ್

ರಿಸ್ತಿನ್,

ಎಲ್ಲವೂ ಮಸುಕು. ಅದರ ಯೋಚನೆ ಬಿಡು. ಇನ್ನೂ ಎಷ್ಟೋ ದಿನವಿದೆ, ಬೇರೆ ತೆಗೆ.

ಮಂಡಿ ಪರವಾಗಿಲ್ಲ.

ಪಾವ್ವಲ್


ಲೈತೌರೆ ದಡ, 24 ಸೆಪ್ಟೆಂಬರ್

ಅಣ್ಣ,

ಮನೆಗೆ ಬಂದಾಗ ಹೇಳುತ್ತೇನೆ ಅಂದಿದ್ದೆ. ಈಗಲೇ ಹೇಳುತ್ತೇನೆ.

ವಸಂತದಲ್ಲಿ ನಾನು ಕರಾವಳಿಗೆ ಹೋದದ್ದು ಲೆನ್ಸ್ ರಿಪೇರಿಗಲ್ಲ. ಡಾಕ್ಟರ ಬಳಿಗೆ. ಬಲಗೈ ಚಳಿಗಾಲದಿಂದ ನಡುಗುತ್ತಿದೆ. ನೀನು ನೋಡಿರಬಹುದು, ಕಾಫಿ ಚೆಲ್ಲಿದಾಗ ಲೋಟದ ಹಿಡಿ ಸರಿಯಿಲ್ಲ ಅನ್ನುತ್ತಿದ್ದೆ. ಡಾಕ್ಟರು ಅಪ್ಪನ ಬಗ್ಗೆ ಕೇಳಿದರು. ಕೊನೆಕೊನೆಗೆ ಅಪ್ಪ ಚಮಚ ಹಿಡಿಯುತ್ತಿದ್ದ ರೀತಿಯನ್ನು ಹೇಳಿದೆ. ತಲೆದೂಗಿ ಬರೆದುಕೊಂಡರು. ಇದು ಹೋಗುವುದಲ್ಲ, ಬೆಳೆಯುವುದು ಅಂದರು.

ಅದಕ್ಕೇ ಅವತ್ತು ಬೇಕೆಂದೇ ಸ್ಟ್ಯಾಂಡ್ ಬಿಟ್ಟು ಹೋದೆ. ಇನ್ನೂ ಆಗುತ್ತದೆಯೋ ಇಲ್ಲವೋ ನೋಡಬೇಕಿತ್ತು. ಉಸಿರು ಹಿಡಿದೆ, ಮೊಣಕೈ ಪಕ್ಕೆಗೊತ್ತಿದೆ. ಗುಂಡಿ ಒತ್ತುವ ಕ್ಷಣದಲ್ಲಿ ಕೈ ಕಲ್ಲಿನ ಹಾಗೆ ನಿಂತಿತ್ತು, ಆಣೆ ಮಾಡಿ ಹೇಳುತ್ತಿದ್ದೆ. ಆದರೆ ಬೆಟ್ಟವೂ ಮಸುಕು ಅಂದೆ. ಬೆಟ್ಟ ಅಲುಗಾಡುವುದಿಲ್ಲ. ಕೈ ನಿಂತಿದೆ ಎಂದು ಅನ್ನಿಸುವುದೂ ಆ ಕಾಯಿಲೆಯದೇ ಒಂದು ಆಟವಿರಬೇಕು. ನನ್ನ ಕೈಯ ಬಗ್ಗೆ ನನ್ನ ಮಾತನ್ನೇ ನಂಬಲಾಗದಿದ್ದರೆ ಇನ್ನೇನಿದೆ?

ಇಪ್ಪತ್ತನೇ ತಾರೀಕು ಕ್ಯಾಮೆರಾಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿದೆ. ಅವತ್ತಿನಿಂದ ಆಕಾಶ ಒಂದು ಹೊತ್ತೂ ಕೆಟ್ಟಿಲ್ಲ. ಇಷ್ಟು ವರ್ಷದಲ್ಲಿ ಇಂಥ ಬೆಳಕು ನೋಡಿರಲಿಲ್ಲ. ನಿನ್ನೆ ಮಧ್ಯಾಹ್ನ ನೀರು ತರಲು ಹೋದಾಗ ಒಂದು ಗಂಡು ಮೂಸ್ ದಡದಲ್ಲಿ ನಿಂತಿತ್ತು, ಕೊಂಬಿನಲ್ಲಿ ನೀರಗಿಡ ಜೋತಾಡುತ್ತಿತ್ತು, ಹಿಂದೆ ಇಡೀ ಬೆಟ್ಟ ಹೊತ್ತಿ ಉರಿಯುವಂತೆ ಹಳದಿ. ನಾನು ಬಕೆಟ್ ಹಿಡಿದು ನಿಂತಿದ್ದೆ. ಅದು ಸಾಕಷ್ಟು ಹೊತ್ತು ಕಾಯಿತು. ಆಮೇಲೆ ಹೋಯಿತು.

ಗಾಳಿ ಶುರುವಾಗಿದೆ. ಎಲೆ ಉದುರುತ್ತಿದೆ. ಪ್ರಕಾಶಕರಿಗೆ ಒಂದು ಸಾಲು ಬರೆದುಬಿಡು, ಈ ವರ್ಷ ಆಗುವುದಿಲ್ಲ ಎಂದು. ಕಾರಣ ಬರೆಯಬೇಡ.

ರಿಸ್ತಿನ್


ಯೋಕ್‌ಮೋಕ್, 27 ಸೆಪ್ಟೆಂಬರ್

ರಿಸ್ತಿನ್,

ಪ್ರಕಾಶಕರಿಗೆ ಬರೆದಿಲ್ಲ. ಬರೆಯುವುದಿಲ್ಲ. ನಿನ್ನ ಚಿತ್ರ ಮಸುಕಾಗಿಲ್ಲ.

ಇದನ್ನು ಮೊದಲು ಬರೆದುಬಿಟ್ಟೆ, ಇಲ್ಲದಿದ್ದರೆ ಕೊನೆಗೆ ಬರುವಷ್ಟರಲ್ಲಿ ಧೈರ್ಯ ಹೋಗುತ್ತಿತ್ತು. ಬೆಟ್ಟ, ಮರ, ಕಲ್ಲು, ಮರಿಯ ಮೂಗಿನ ಮೇಲಿನ ತೇವ, ಎಲ್ಲವೂ ಚೊಕ್ಕವಾಗಿದೆ. ನಿನ್ನ ಕೈ ನಿಂತಿತ್ತು. ಸುಳ್ಳು ಹೇಳಿದವನು ನಾನು.

ಹದಿನಾರನೇ ತಾರೀಕು ಅದನ್ನು ಗೋಡೆಗೆ ಹಾಕಿದೆ. ಮೊದಲು ನಾನೂ ನಿನ್ನ ಹಾಗೆ ಬರೀ ನೋಡಿದೆ. ಆಮೇಲೆ ಅಭ್ಯಾಸಬಲದಿಂದ ಕಿವಿಗೆ ಕಣ್ಣು ಹೋಯಿತು. ಗೋಡೆಯ ಮೇಲೆ ಕಿವಿ ಬಾಣಲೆಯಷ್ಟು ದೊಡ್ಡದು. ತಾಯಿಯ ಎಡಗಿವಿಯಲ್ಲಿ ಎರಡು ಕಚ್ಚು. ಮರಿಯ ಎಡಗಿವಿಯಲ್ಲಿ ಒಂದು. ಬಿರೆತ್‌ಳ ಹಿಂಡಿನ ತಾಯಿಯ ಹಿಂದೆ ನನ್ನ ಗುರುತಿನ ಮರಿ. ಹೊಸ ಗಾಯ, ಈ ಬೇಸಿಗೆಯದು, ನನ್ನ ಚಾಕುವಿನದು.

ಕುರ್ಚಿ ಎಳೆದು ಗೋಡೆಯ ಹತ್ತಿರ ಕೂತೆ, ಎದ್ದೆ, ಮುಟ್ಟಿ ನೋಡಿದೆ. ಮತ್ತೆ ಮತ್ತೆ ಎಣಿಸಿದೆ. ತಾಯಿಗೆ ಎರಡೇ, ಮರಿಗೆ ಒಂದೇ.

ನನಗೆ ಕಣ್ಣು ಕಾಣುವುದಿಲ್ಲ, ರಿಸ್ತಿನ್. ಮೂರು ವರ್ಷವಾಯಿತು. ಹಾಲು ಸುರಿದ ನೀರಿನೊಳಗಿಂದ ನೋಡಿದ ಹಾಗೆ. ಓಡುವ ಹಿಂಡಿನಲ್ಲಿ ನಾನು ಕಿವಿ ಓದುತ್ತಿರಲಿಲ್ಲ. ನಡಿಗೆ, ಮೈಬಣ್ಣ, ಯಾವ ಕಡೆಯಿಂದ ಬಂತು, ಅಷ್ಟನ್ನೇ ನೋಡಿ ಊಹೆ. ಹತ್ತರಲ್ಲಿ ಒಂಬತ್ತು ಸರಿ ಬರುತ್ತಿತ್ತು. ನಲವತ್ತು ವರ್ಷ ಕಿವಿ ನೋಡಿ ಹೆಸರು ಹೇಳಿದವನು "ಕಾಣಲ್ಲ" ಅಂದರೆ ಆಮೇಲೆ ಏನಾಗಿ ಉಳಿಯುತ್ತಾನೆ? ಅಡುಗೆಮನೆಯ ಮುದುಕ. ನಿನ್ನ ಪತ್ರಗಳನ್ನೂ ಭೂತಗನ್ನಡಿಯಲ್ಲಿ ಅರ್ಧ ಓದಿ, ಅರ್ಧ ಊಹಿಸುತ್ತೇನೆ. ಕೈಯ ವಿಷಯವನ್ನು ಮಾತ್ರ ಊಹಿಸಿರಲಿಲ್ಲ.

ಎಲ್ಲವೂ ಮಸುಕು ಅಂದರೆ ನಿನಗೆ ಸುಲಭವಾಗುತ್ತದೆ, ಮರೆಯುತ್ತೀಯ ಅಂದುಕೊಂಡೆ.

ಈಗ ಯೋವ್ನಾ. ಅವತ್ತಿನ ತಾಯಿಯ ಕಿವಿಯಲ್ಲಿ ನಾನು ನಿಜವಾಗಿ ಎಷ್ಟು ಕಚ್ಚು ನೋಡಿದೆ? ಹನ್ನೊಂದು ದಿನದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ತಾಯಿಯೂ ಅವನದೇ ಆಗಿತ್ತು, ಮರಿಯೂ ಅವನದೇ. ಆ ಮರಿಯನ್ನು ನಾವು ಆ ಚಳಿಗಾಲ ತಿಂದೆವು. ಸಾರು ಚೆನ್ನಾಗಿದೆ ಎಂದು ನೀನು ಎರಡು ಸಲ ಹಾಕಿಸಿಕೊಂಡೆ.

ಅಕ್ಟೋಬರ್ ಏಳಕ್ಕೆ ಎಲ್ಲರ ಹಿಂಡೂ ದೊಡ್ಡಿಗೆ ಬರುತ್ತದೆ. ಏನು ಮಾಡಲಿ?

ಪಾವ್ವಲ್


ಲೈತೌರೆ ದಡ, 29 ಸೆಪ್ಟೆಂಬರ್

ಪಾವ್ವಲ್,

ಏನು ಮಾಡಲಿ ಎಂದು ನನ್ನನ್ನು ಕೇಳಬೇಡ. ನಿನಗೆ ಗೊತ್ತು.

ಇಪ್ಪತ್ತರಿಂದ ಇವತ್ತಿನವರೆಗೆ ಒಂಬತ್ತು ದಿನ. ಎಷ್ಟು ಶರತ್ಕಾಲ ಉಳಿದಿದೆ ಎಂದು ಡಾಕ್ಟರನ್ನು ಕೇಳಿದ್ದೆ. ಎರಡು, ಹೆಚ್ಚೆಂದರೆ ಮೂರು ಅಂದಿದ್ದರು. ಅದರಲ್ಲಿ ಒಂದರ ಒಂಬತ್ತು ದಿನ ನೀನು ತೆಗೆದುಕೊಂಡೆ. ಇವತ್ತು ಬೆಳಿಗ್ಗೆ ಕ್ಯಾಮೆರಾ ಹೊರಗೆ ತೆಗೆದೆ. ಮರಗಳಲ್ಲಿ ಏನೂ ಇಲ್ಲ. ಎಲೆಯೆಲ್ಲ ನೀರಿನ ಅಂಚಿನಲ್ಲಿ ಕಂದು ಕೆಸರಾಗಿ ಬಿದ್ದಿದೆ.

ನನ್ನ ಪಾಲಿನದ್ದನ್ನೂ ಹೇಳುತ್ತೇನೆ, ನ್ಯಾಯವಾಗಿರಲಿ. ನಲವತ್ತು ಹೆಜ್ಜೆ ದೂರದಲ್ಲಿ, ಆ ಲೆನ್ಸಿನಲ್ಲಿ, ಕಿವಿ ನನಗೆ ಚೆನ್ನಾಗಿ ಕಂಡಿತ್ತು. ನಾನು ನೋಡಲಿಲ್ಲ. ಅಪ್ಪ ನನಗೆ ಅಕ್ಷರಕ್ಕಿಂತ ಮೊದಲು ಕಿವಿ ಕಲಿಸಿದ್ದ. ನೋಡಿದ್ದರೆ ನಾನು ಆ ಪತ್ರವನ್ನು ಅಷ್ಟು ಸಂತೋಷದಿಂದ ಬರೆಯುತ್ತಿರಲಿಲ್ಲ, ನೀನು ಸುಳ್ಳು ಹೇಳಬೇಕಾಗುತ್ತಿರಲಿಲ್ಲ.

ಸ್ಲೈಡ್ ಕಳಿಸು. ಏಳನೇ ತಾರೀಕಿನ ನಂತರ ಬರೆ. ಅದಕ್ಕಿಂತ ಮೊದಲು ಬರೆಯಬೇಡ.

ರಿಸ್ತಿನ್


ಯೋಕ್‌ಮೋಕ್, 9 ಅಕ್ಟೋಬರ್

ರಿಸ್ತಿನ್,

ಮೊದಲು ಯೋವ್ನಾನಿಗೆ ಫೋನ್ ಮಾಡಿದೆ. ಗೋದಾಮಿನವರು ಕರೆದುಕೊಟ್ಟರು.

"ಯಾರು?"

"ಪಾವ್ವಲ್."

ಹಿಂದೆ ಯಾವುದೋ ಯಂತ್ರದ ಸದ್ದು.

"ಆ ತಾಯಿ ಕಿವೀಲಿ ಎರಡು ಕಚ್ಚಿತ್ತು," ಅಂದೆ.

"ಗೊತ್ತು."

"ಮತ್ತೆ ಅವತ್ತು ಯಾಕೆ ಸುಮ್ನಿದ್ದೆ?"

"ಇನ್ನೊಂದ್ಸಲ ನೋಡು ಅಂದೆನಲ್ಲ. ನೀನು ಕಿವಿ ಹಿಡ್ಕೊಂಡು ಮೂಗಿನ ಹತ್ರ ತಂದೆ. ಆಗಲೇ ಗೊತ್ತಾಯ್ತು ನಿಂಗೆ ಕಾಣ್ತಿಲ್ಲ ಅಂತ. ಇವನಿಗೆ ಕಣ್ಣಿಲ್ಲ ಅಂತ ಅಷ್ಟು ಜನರೆದುರು ಹೆಂಗಪ್ಪ ಹೇಳ್ಲಿ? ನಾಳೆ ನೀನೇ ಬಂದು ಹೇಳ್ತೀಯ ಅಂದ್ಕೊಂಡೆ. ನಾಳೆ, ನಾಡಿದ್ದು ಅಂತ ಇಡೀ ಚಳಿಗಾಲ ಕಾದೆ."

"ವಾಪಸ್ ಬಾ, ಯೋವ್ನಾ."

"ಯಾತಕ್ಕೆ? ಹಿಂಡಿಲ್ಲ, ನಾಯಿ ಸತ್ತಿದೆ. ನಂಗೀಗ ನಿದ್ದೆ ಚೆನ್ನಾಗಿ ಬರುತ್ತೆ. ನನ್ನ ಹತ್ರ ಹೇಳಿ ಏನೂ ಆಗಲ್ಲ ಪಾವ್ವಲ್. ಅಲ್ಲಿ ಹೇಳು. ನನ್ ಮಗಳು ಎರಡು ವರ್ಷದಿಂದ ಕಳ್ಳನ ಮಗಳಾಗಿದಾಳೆ."

ಅಲ್ಲಿ ಹೇಳಿದೆ. ದೊಡ್ಡಿಯ ಬೇಲಿಯ ಪಕ್ಕ, ಎಲ್ಲರೂ ಕಾಫಿಗೆ ಕೂತಿದ್ದಾಗ. ಕಾಣುವುದಿಲ್ಲ ಅಂದೆ, ಎಷ್ಟು ದಿನದಿಂದ ಅಂದೆ, ಯೋವ್ನಾ ಕಳ್ಳನಲ್ಲ ಅಂದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ನಿಂತುಕೊಳ್ಳಲು ಒಂದು ಜಾಗ ಸಿಗುತ್ತಿತ್ತು. ಒಬ್ಬನು ಬೆಂಕಿಗೆ ಕಟ್ಟಿಗೆ ಒಟ್ಟಿದ. ಬಿರೆತ್ ಲೋಟ ಕೆಳಗಿಟ್ಟು ಕೇಳಿದಳು:

"ಈ ಬೇಸಿಗೇಲಿ ಅರವತ್ತು ಮರಿ ಕೊಯ್ದ್ರಲ್ಲ. ಅದರಲ್ಲಿ ಎಷ್ಟು?"

"ಗೊತ್ತಿಲ್ಲಮ್ಮ."

"ನಿಮ್ಮ ತಂಗಿ ಆ ಚಿತ್ರ ತೆಗೀದೇ ಇದ್ದಿದ್ರೆ?"



ಎರಡು ದಿನ ಒಂದೊಂದೇ ಮರಿಯನ್ನು ತಾಯಿಯ ಜೊತೆ ಬಿಟ್ಟು ನೋಡಿದರು. ನಾನು ಬೇಲಿಗೊರಗಿ ನಿಂತಿದ್ದೆ. ಅಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ಏಳು ಮರಿ ಅವಳವು. ಐದರ ತಾಯಂದಿರು ಸಿಗಲೇ ಇಲ್ಲ, ಅವು ಯಾರವೆಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆ ಏಳಕ್ಕೂ ಬಿರೆತ್ ತಾನೇ ಎರಡನೇ ಕಚ್ಚು ಹಾಕಿದಳು. ನನ್ನ ಚಾಕು ಕೊಡಲು ಹೋದೆ. "ನನ್ನದಿದೆ" ಅಂದಳು.

ನಿನ್ನ ಚಿತ್ರದ ಮರಿಯೂ ಅದರಲ್ಲಿತ್ತು. ಈಗ ಅದರ ಕಿವಿಯಲ್ಲಿ ಎರಡು ಕಚ್ಚು. ಒಂದೇ ಕಚ್ಚಿನ ಕಿವಿ ಉಳಿದಿರುವುದು ನಿನ್ನ ಸ್ಲೈಡಿನಲ್ಲಿ ಮಾತ್ರ. ಸ್ಟಾಕ್‌ಹೋಮಿನವರು ಹಳದಿ ಎಲೆ ನೋಡುತ್ತಾರೆ. ಇಲ್ಲಿಯವರು ಕಿವಿ ನೋಡುತ್ತಾರೆ. ಪ್ರತಿ ಅಡುಗೆಮನೆಯಲ್ಲಿ ಒಂದು ವರ್ಷ ತೂಗಾಡುತ್ತದೆ. ಬೇಡ ಎಂದು ಕೇಳಬಹುದಿತ್ತು. ಕೇಳುತ್ತಿಲ್ಲ. ಸ್ಲೈಡ್ ಇದರ ಜೊತೆಗಿದೆ. ಕಳಿಸು.

ಪಾವ್ವಲ್


ಲೈತೌರೆ ದಡ, 11 ಅಕ್ಟೋಬರ್

ಅಣ್ಣ,

ಸ್ಲೈಡನ್ನು ಕಿಟಕಿಗೆ ಹಿಡಿದು ನೋಡಿದೆ. ಎಡಗೈಯಿಂದ ಬಲಗೈ ಹಿಡಿದುಕೊಂಡು ನೋಡಬೇಕಾಯಿತು. ಮರಿಯ ಕಣ್ಣಿನ ರೆಪ್ಪೆ ಎಣಿಸಬಹುದು. ಇನ್ನೊಂದು ಇಂಥದ್ದನ್ನು ನಾನು ತೆಗೆಯುವುದಿಲ್ಲ. ಮೊದಲು ಅದು ಭಯವಾಗಿತ್ತು, ಈಗ ಬರೀ ತಿಳಿವಳಿಕೆ.

ಎವರ್ಟ್‌ನ ಕೈಯಲ್ಲಿ ಪ್ರಕಾಶಕರಿಗೆ ಕಳಿಸಿದೆ, ಮುಖಪುಟಕ್ಕೆಂದು. ನಿನ್ನ ಒಪ್ಪಿಗೆ ಬಂತೆಂದಲ್ಲ. ನೀನು ಬೇಡವೆಂದಿದ್ದರೂ ಕಳಿಸುತ್ತಿದ್ದೆ. ಹಾಗೆಂದು ಯೋವ್ನಾನ ಪರವಾಗಿ ಮಾಡಿದೆ ಎಂದರೂ ಸುಳ್ಳಾಗುತ್ತದೆ. ಅದು ನನ್ನ ಚಿತ್ರ. ಅಷ್ಟೇ.

ದಡದಲ್ಲಿ ನೀರು ಹೆಪ್ಪುಗಟ್ಟುತ್ತಿದೆ. ಸೋಮವಾರ ಕೊನೆಯ ದೋಣಿ, ಅದರಲ್ಲಿ ಬರುತ್ತೇನೆ. ಮನೆಯಲ್ಲಿ ಈ ವಿಷಯ ನೀನಾಗಿ ಎತ್ತಬೇಡ. ನಾನು ಎತ್ತಿದಾಗ ಎದ್ದು ಹೋಗಬೇಡ.

ನಾನು ಕ್ಷಮಿಸಿದ್ದೇನೆ ಎಂದು ಎಲ್ಲೂ ಬರೆದಿಲ್ಲ. ಬರೆಯದ್ದನ್ನು ಊಹಿಸಿ ಓದುತ್ತೀಯ ಎಂದು ಹೆದರಿ, ಪುಟಕ್ಕೆ ಆರೇ ಸಾಲು ಹಿಡಿಯುವಷ್ಟು ದೊಡ್ಡದಾಗಿ ಬರೆದಿದ್ದೇನೆ. ಭೂತಗನ್ನಡಿ ಬೇಕಾಗಲಾರದು. ಸಣ್ಣದಾಗಿ ಬರೆಯಲು ಈಗ ನನಗೂ ಆಗುವುದಿಲ್ಲ.

ರಿಸ್ತಿನ್